ಸಾಂಬಾರಿನ ಜಿರಲೆ

ಮುಂಬ್ರಾ ಸ್ಟೇಷನ್ ಹೊರಗಿನ ಹೋಟೆಲೊಂದರಲ್ಲಿ ನನ್ನ ಸಾಂಬಾರಿನಲ್ಲಿ ಜಿರಲೆ ಬಂತು. ಸಿಟ್ಟು ನೆತ್ತಿಗೇರಿತು. ಗ್ರಾಹಕರಿಗೆಂದು ಕಾನೂನು ಬಂದದ್ದು 1986ರಲ್ಲಿ. ಅದರ ಜಾಗಕ್ಕೆ ಬಂದ 2019ರ ಕಾಯ್ದೆಯಂತೂ ಇನ್ನೂ ಸಲೀಸು: ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕೆಂದಿಲ್ಲ, ತೆತ್ತ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ನಾನು ತೆತ್ತದ್ದು 60 ರೂಪಾಯಿ!

“ಬಿಲ್ಲು ಕೊಡಯ್ಯಾ, ಕೇಸು ಹಾಕ್ತೀನಿ” ಅಂದೆ.

ಸಪ್ಲೈ ಹುಡುಗ ಬಗ್ಗಿ ಕನ್ನಡದಲ್ಲೇ ಪಿಸುಗುಟ್ಟಿದ: “ಮಾರಾಯ್ರೆ, ನಾನೂ ಕುಂದಾಪುರದವ. ಕೇಸು ಧಣಿ ಮೇಲೆ, ಕೆಲಸ ಹೋಗೂದು ನಂದು.”

ಬಿಲ್ಲು ಇನ್ನೂ ಜೇಬಿನಲ್ಲಿದೆ. ದೂರಲು 2 ವರ್ಷದ ಗಡುವು. ಅಷ್ಟರಲ್ಲಿ ಅವನಿಗೆ ಬೇರೆ ಕೆಲಸ ಸಿಗಲಿ ಅಂತ ಕಾಯ್ತಿದ್ದೇನೆ. ಆದರೆ ಅಲ್ಲಿಯವರೆಗೆ ಅದೇ ಸಾಂಬಾರು ಉಣ್ಣುವವರಿಗೆ ಏನು ಹೇಳಲಿ?