ಎದೆ ಮೇಲೆ ಕೂತವನು, ಕಾಲಡಿ ಬಿದ್ದವನು

ನಮ್ಮ ಗುಮ್ಮಳಾಪುರದ ಕಡೆ ರಾತ್ರಿ ಹೊತ್ತು ಮನುಷ್ಯನನ್ನು ಹಿಡಿಯುವ ಎಲ್ಲಕ್ಕೂ ಮೊದಲ ಮದ್ದು ಕಬ್ಬಿಣ. ಎದೆ ಮೇಲೆ ಏನೋ ಬಂದು ಕೂತು ಉಸಿರು ಕಟ್ಟಿಸಿತೋ, ಮಾರನೆಯ ದಿನದಿಂದ ದಿಂಬಿನಡಿ ಕುಡುಗೋಲು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತೋ, ಕೈಗೆ ಬೀಗದ ಕೈ ಗೊಂಚಲು. ಗೊಂಚಲು ಸಿಗದಿದ್ದರೆ ಮೂಗಿಗೆ ಈರುಳ್ಳಿ. ಈರುಳ್ಳಿಯ ರೇಟು ಏರಿದ್ದರೆ ಯಾರದಾದರೂ ಚಪ್ಪಲಿ. ಈಗಿನ ಮನೆಗಳ ಕೀಲಿ ಬೆರಳುದ್ದ ಆಗಿಬಿಟ್ಟಿರುವುದರಿಂದ ಕೆಲವರು ಮೋಟಾರ್‌ಸೈಕಲ್ ಕೀಲಿಯನ್ನೇ ತುರುಕುತ್ತಾರೆ. ಅದನ್ನು ಹುಡುಕಿ ತರುವಷ್ಟರಲ್ಲಿ ಫಿಟ್ಸ್ ನಿಂತಿರುತ್ತದೆ. ಬಹುಪಾಲು ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುವಂಥದ್ದು. ಎದೆ ಮೇಲೆ ಕೂತದ್ದೂ ಅಷ್ಟೇ, ಹೆಚ್ಚು ಹೊತ್ತು ಕೂರದೆ ಎದ್ದು ಹೋಗುತ್ತದೆ. ತಾನಾಗಿ ನಿಲ್ಲುವ ಕಾಯಿಲೆಗೆ ಯಾವ ಮದ್ದು ಕೊಟ್ಟರೂ ನಾಟುತ್ತದೆ. ಆ ಲೆಕ್ಕಕ್ಕೆ ನಮ್ಮ ಸೀಮೆಯಲ್ಲಿ ಕಬ್ಬಿಣದಷ್ಟು ಕೈಗುಣ ಇರುವ ವೈದ್ಯ ಇನ್ನೊಬ್ಬನಿಲ್ಲ.

ಕಬ್ಬಿಣದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಬೇರೆ. ಎರಡಕ್ಕೂ ಒಂದೇ ಮದ್ದು ಕೊಟ್ಟು ಕೊಟ್ಟು ನಾವು ಎರಡನ್ನೂ ಒಂದೇ ಕಾಯಿಲೆ ಮಾಡಿಬಿಟ್ಟಿದ್ದೇವೆ. ಒಂದಕ್ಕೆ ಸಾಮಾನ್ಯವಾಗಿ ಮಾತ್ರೆಯೇ ಬೇಡ, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿದರೆ ಸಾಕು. ಇನ್ನೊಂದಕ್ಕೆ ಡಾಕ್ಟರೂ ಬೇಕು, ಮಾತ್ರೆಯೂ ಬೇಕು. ಉಡಾಫೆ ಮಾಡಿದರೆ ಜೀವಕ್ಕೇ ಸಂಚಕಾರ.

ನಮ್ಮೂರು ಎಲ್ಲಿದೆ ಅಂತ ಕೇಳುವವರಿಗೆ: ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ತಳಿಯ ಹತ್ತಿರ, ಕರ್ನಾಟಕದ ಗಡಿಗೆ ಅಂಟಿಕೊಂಡಂತೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಹೀಗಾಗಿ ದೆವ್ವಗಳಿಗೂ ನಮ್ಮಲ್ಲಿ ಬರವಿಲ್ಲ. ಕನ್ನಡದ ದೆವ್ವ, ತೆಲುಗಿನ ದೆಯ್ಯಂ, ತಮಿಳಿನ ಅಮುಕ್ಕುವಾನ್ ಪೇಯ್, ಮೂರೂ ಸರದಿಯ ಮೇಲೆ ಬರುತ್ತವೆ. ಎದುರು ಮನೆ ಹುಡುಗ ಒಂದು ಬೆಳಗ್ಗೆ ಅವರಜ್ಜಿಗೆ ಹೇಳುತ್ತಿದ್ದ: “ಎಚ್ಚರ ಆಗೈತೆ ಕಣಜ್ಜಿ, ಸೂರು ಕಾಣಿಸ್ತೈತೆ, ನೀನು ಗೊರಕೆ ಹೊಡೆಯೋದೂ ಕೇಳಿಸ್ತೈತೆ. ಕೈ ಎತ್ತಾಕಾಗ್ಲಿಲ್ಲ. ಬಾಗಿಲ ತಾವ ಕರ್ರಗೆ ಯಾರೋ ನಿಂತವ್ರೆ. ಬಂದು ಎದೆ ಮ್ಯಾಲೆ ಕುಂತ್ಕಂಡ್ರು. ಕೂಗ್ತೀನಿ ಕೂಗ್ತೀನಿ, ಸದ್ದೇ ಬರಾಕಿಲ್ಲ.” ಅಜ್ಜಿ ದೆವ್ವದ ಮಾತು ಬಿಟ್ಟು, “ನಾನೆಲ್ಲೋ ಗೊರಕೆ ಹೊಡೀತೀನಿ?” ಎಂದು ಅದಕ್ಕೇ ಜಗಳ ತೆಗೆದಳು. ಅಜ್ಜಿ ಗೊರಕೆ ಹೊಡೆಯುವುದು ಇಡೀ ಬೀದಿಗೆ ಗೊತ್ತು. ಆದರೆ ಆ ಗೊರಕೆಯೇ ಇಲ್ಲಿ ಮುಖ್ಯ ಸಾಕ್ಷಿ ಎನ್ನುವುದು ನನಗೆ ಅರ್ಥವಾದದ್ದು ಎಷ್ಟೋ ಆಮೇಲೆ.

ಆ ಹುಡುಗ ಕಂಡದ್ದನ್ನೇ 1781ರಲ್ಲಿ ಫ್ಯೂಸ್ಲಿ ಎಂಬ ಸ್ವಿಸ್ ಕಲಾವಿದ ಲಂಡನ್ನಿನಲ್ಲಿ ಕೂತು ಬಣ್ಣದಲ್ಲಿ ಬರೆದಿದ್ದಾನೆ. ಅಂಗಾತ ಮಲಗಿದ ಹೆಂಗಸು, ಅವಳ ಎದೆ ಮೇಲೆ ಕುಕ್ಕರಗಾಲಲ್ಲಿ ಕೂತ ಕುಳ್ಳ ಪಿಶಾಚಿ, ಪರದೆಯ ಸಂದಿನಿಂದ ಕಣ್ಣು ಬಿಟ್ಟು ಇಣುಕುವ ಕುದುರೆ. ಜಪಾನಿನವರು ಇದನ್ನು ಕನಶಿಬರಿ ಅನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಬ್ಬಳು ಮುದುಕಿ ಬಂದು ಕೂರುತ್ತಾಳಂತೆ. ಇಷ್ಟು ದೊಡ್ಡ ಬಳಗ ಇರುವಾಗ ತಳಿಯ ದೆವ್ವವೊಂದನ್ನೇ ಬೈದರೆ ನ್ಯಾಯವಲ್ಲ.

ಒಳಗೆ ನಡೆಯುವುದು ಇಷ್ಟು. ನಿದ್ದೆಯಲ್ಲಿ ಕನಸು ಗಾಢವಾಗಿ ಬೀಳುವ ಒಂದು ಘಟ್ಟವಿದೆ, ರೆಮ್ ನಿದ್ದೆ. ಆಗ ಮಿದುಳು ಕೈಕಾಲಿಗೆ ಹೋಗುವ ಅಪ್ಪಣೆಯನ್ನು ತಡೆಹಿಡಿಯುತ್ತದೆ. ಲೈನ್‌ಮನ್ ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು ಕಂಬ ಹತ್ತುವ ಹಾಗೆ. ಇಲ್ಲದಿದ್ದರೆ ಕನಸಿನಲ್ಲಿ ಆನೆ ಓಡಿಸುವವನು ಪಕ್ಕದಲ್ಲಿ ಮಲಗಿದವಳಿಗೆ ಒದ್ದಾನು. ಕಣ್ಣಿನ ಸ್ನಾಯುಗಳಿಗೂ ಉಸಿರಾಟದ ವಪೆಗೂ ಮಾತ್ರ ಈ ತಡೆಯಿಲ್ಲ. ಕೆಲವು ಸಲ ಫ್ಯೂಸ್ ವಾಪಸ್ ಹಾಕುವ ಮೊದಲೇ ಮನುಷ್ಯನಿಗೆ ಎಚ್ಚರವಾಗಿಬಿಡುತ್ತದೆ. ಕಣ್ಣು ಆಡುತ್ತದೆ, ಕಿವಿ ಕೇಳುತ್ತದೆ, ಮೈ ಏಳುವುದಿಲ್ಲ. ಕನಸಿನ ಬಾಲ ಇನ್ನೂ ಉಳಿದಿರುವುದರಿಂದ ಬಾಗಿಲಲ್ಲಿ ಕರಿಯ ಆಕೃತಿ. ಉಸಿರು ನಿಜಕ್ಕೂ ನಿಂತಿರುವುದಿಲ್ಲ, ಬೇಕೆಂದಾಗ ಜೋರಾಗಿ ಎಳೆದುಕೊಳ್ಳಲು ಆಗದೆ ಎದೆ ಭಾರವಾಗುತ್ತದೆ, ಅಷ್ಟೇ. ಯಾರಾದರೂ ಮೈ ಮುಟ್ಟಿದರೆ ಎಷ್ಟೋ ಸಲ ಫಕ್ಕನೆ ಬಿಟ್ಟುಹೋಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಹಾಕಿದ ಲೆಕ್ಕದಲ್ಲಿ, ನೂರಕ್ಕೆ ಸುಮಾರು 8 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಹೀಗಾಗಿರುತ್ತದೆ. ವಿದ್ಯಾರ್ಥಿಗಳಲ್ಲಿ ನೂರಕ್ಕೆ 28. ಪರೀಕ್ಷೆಯ ಹಿಂದಿನ ರಾತ್ರಿ ಓದುವವರ ಎದೆ ದೆವ್ವಕ್ಕೆ ಇಷ್ಟ ಎಂದಾಯಿತು.

ನಿದ್ದೆಗೆಡುವವರ ಎದೆ ಎನ್ನುವುದೇ ಸರಿ. ನಿದ್ದೆ ಕೆಡಿಸುವವರಿಗೆ ನಮ್ಮ ಕಡೆ ಏನೂ ಕೊರತೆಯಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡು ಜವಳಗಿರಿ ಕಾಡಿಗೆ ಇಳಿಯುತ್ತದೆ. ಆಮೇಲೆ ಹೊಲ ಇದ್ದವರೆಲ್ಲ ರಾತ್ರಿಯಿಡೀ ಅಟ್ಟಣೆ ಮೇಲೆ ಪಟಾಕಿ, ಟಾರ್ಚು ಹಿಡಿದು ಕೂರಬೇಕು. ಹೊಲ ಇಲ್ಲದವರ ಮಕ್ಕಳು ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಪಾಳಿ ಮುಗಿಸಿ ಬಂದು ಹಗಲು ಹನ್ನೊಂದಕ್ಕೆ ಅಂಗಾತ ಬಿದ್ದುಕೊಂಡವನ ಎದೆ ಮೇಲೆ ಹಾಡುಹಗಲೇ ದೆವ್ವ ಕೂರುತ್ತದೆ. ಅಂಗಾತ ಮಲಗುವುದೂ ಇದಕ್ಕೆ ಒಂದು ನೆವ, ಮಗ್ಗುಲಾದರೆ ಕಡಿಮೆ. ಕುಡುಗೋಲು ಇಡುವ ಜಾಗದಲ್ಲಿ ಒಂದು ಒಳ್ಳೇ ದಿಂಬು ಇಟ್ಟರೆ ಹೆಚ್ಚು ಉಪಕಾರ.

ಈಗ ಇನ್ನೊಬ್ಬನ ವಿಚಾರ. ಇವನ ಕಥೆ ಶುರುವಾಗುವುದೇ ಬೇರೆಯವರ ಬಾಯಲ್ಲಿ. ನಮ್ಮ ನೆಂಟರ ಪೈಕಿ ಒಬ್ಬ ಅತ್ತಿಗೆ ಹೇಳಿದ್ದು: “ನಡುರಾತ್ರೀಲಿ ಅದೆಂಥದೋ ಕೂಗು ಬಂತು. ದೀಪ ಹಾಕಿ ನೋಡ್ತೀನಿ, ಮೈಯೆಲ್ಲ ಸೆಟಕೊಂಡು ಅದುರ್ತಾವ್ರೆ. ಕಣ್ಣು ಮ್ಯಾಕೆ ಹೋಗೈತೆ. ಆಮ್ಯಾಕೆ ಗೊರಗೊರ ಅಂತ ಮಲಗ್ಬುಟ್ರು, ಎಬ್ಬಿಸಿದ್ರೆ ನಾನ್ಯಾರು ಅಂತ್ಲೇ ಗೊತ್ತಾಗ್ಲಿಲ್ಲ.” ಪಕ್ಕದಲ್ಲೇ ಕೂತಿದ್ದ ಅಣ್ಣನನ್ನು ಕೇಳಿದರೆ, “ನಂಗೇನೂ ಗೊತ್ತಿಲ್ಲಪ್ಪ. ಬೆಳಗ್ಗೆ ಎದ್ರೆ ನಾಲಿಗೆ ಕಚ್ಚಿತ್ತು, ಮೈಕೈ ನೋವು,” ಅಂತ ಮುಗಿಸಿದರು.

ಆ ಹುಡುಗನನ್ನೂ ಈ ಅಣ್ಣನನ್ನೂ ಪಕ್ಕಪಕ್ಕ ಕೂರಿಸಿ ನೋಡಿ. ಹುಡುಗನಿಗೆ ಎಲ್ಲವೂ ನೆನಪಿದೆ, ಅಜ್ಜಿಯ ಗೊರಕೆ ಸಮೇತ. ಪಕ್ಕದಲ್ಲಿದ್ದ ಅಜ್ಜಿಗೆ ಏನೂ ಕಂಡಿಲ್ಲ. ಅಣ್ಣನಿಗೆ ಏನೂ ನೆನಪಿಲ್ಲ. ಪಕ್ಕದಲ್ಲಿದ್ದ ಅತ್ತಿಗೆಗೆ ಎಲ್ಲವೂ ಕಂಡಿದೆ. ಕಥೆ ಹೇಳುತ್ತಿರುವವರು ಯಾರು ಎಂದು ಕೇಳಿದರೆ ಅರ್ಧ ಕೆಲಸ ಆಯಿತು. ಹಿಡಿಸಿಕೊಂಡವನೇ ಹೇಳಿದರೆ ನಿದ್ದೆಯ ಆಟ, ನೋಡಿದವರು ಹೇಳಿದರೆ ಫಿಟ್ಸ್. ಚರಕಸಂಹಿತೆಯೂ ಅಪಸ್ಮಾರಕ್ಕೆ ಮೊದಲ ಗುರುತಾಗಿ ಹೇಳುವುದು ನೆನಪು ಕಳೆಯುವುದನ್ನೇ. ಆ ಅಪಸ್ಮಾರನನ್ನು ನಮ್ಮ ಜನ ಶಿಲ್ಪದಲ್ಲೂ ಕಡೆದಿಟ್ಟಿದ್ದಾರೆ: ನಟರಾಜನ ಬಲಗಾಲಿನಡಿ ಬಿದ್ದಿರುವ ಕುಳ್ಳನೇ ಅವನು, ತಮಿಳರ ಮುಯಲಗನ್. ಫ್ಯೂಸ್ಲಿಯ ಕುಳ್ಳ ಎದೆ ಮೇಲೆ, ನಮ್ಮ ಶಿಲ್ಪಿಯ ಕುಳ್ಳ ಕಾಲಡಿ.

ಶೂನ್ಯಸಂಪಾದನೆಯ ನಾಲ್ಕು ಸಂಕಲನಗಳಲ್ಲಿ ಮೂರನೆಯದನ್ನು ಮಾಡಿದ ಸಿದ್ಧಲಿಂಗಯತಿಯ ಹೆಸರಿನ ಹಿಂದೆ ಗುಮ್ಮಳಾಪುರ ಇದೆ. ಆ ಗ್ರಂಥದ ತುಂಬ ಅಲ್ಲಮ ಒಬ್ಬೊಬ್ಬರನ್ನೂ ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಅದನ್ನು ಇಲ್ಲಿಗೆ ಎಳೆದು ತಂದದ್ದು ಊರಿನ ಅಭಿಮಾನಕ್ಕೆ ಎಂದುಕೊಂಡರೂ ಬೇಸರವಿಲ್ಲ. ಆದರೆ ನರರೋಗದ ಡಾಕ್ಟರುಗಳು ಮಾಡುವುದೂ ಮುಕ್ಕಾಲು ಪಾಲು ಇದೇ ಕೆಲಸ. ತಲೆಗೆ ತಂತಿ ಅಂಟಿಸಿ ತೆಗೆಯುವ ಇಇಜಿಯಲ್ಲಿ ಎರಡು ಫಿಟ್ಸಿನ ನಡುವಿನ ದಿನ ಏನೂ ಕಾಣದೆ ಹೋಗಬಹುದು. “ರಿಪೋರ್ಟ್ ನಾರ್ಮಲ್ಲು, ಇನ್ನು ದೇವಸ್ಥಾನಕ್ಕೆ ಹೋಗೋಣ” ಎನ್ನುವವರು ಇದನ್ನು ತಿಳಿಯಬೇಕು. ಯಂತ್ರಕ್ಕಿಂತ ಮೊದಲು ಪ್ರಶ್ನೆ ಬೇಕು. ಮಲಗುವಾಗ ಬಂತೋ, ಏಳುವಾಗ ಬಂತೋ, ನಿದ್ದೆಯ ನಡುವೆ ಬಂತೋ? ಮೈ ಅದುರಿತೋ, ಕಲ್ಲಿನಂತೆ ಬಿದ್ದಿತ್ತೋ? ಹಾಸಿಗೆ ಒದ್ದೆಯಾಗಿತ್ತೋ? ಎದ್ದ ಮೇಲೆ ತಲೆ ನೆಟ್ಟಗಿತ್ತೋ, ಮಂಕೋ? ದೆವ್ವ ಬಿಟ್ಟುಹೋದವನು ಎದ್ದು ಕೂತು ಬೆವರೊರೆಸಿಕೊಂಡು ಸರಿಯಾಗಿ ಮಾತಾಡುತ್ತಾನೆ, ಭಯ ಬಿಟ್ಟರೆ ಬೇರೇನಿಲ್ಲ. ಫಿಟ್ಸ್ ಬಂದವನಿಗೆ ಎಷ್ಟೋ ಹೊತ್ತು ದಿಕ್ಕೇ ತೋಚುವುದಿಲ್ಲ.

ಇಷ್ಟು ಸಲೀಸಾಗಿದ್ದರೆ ಡಾಕ್ಟರು ಓದಬೇಕಾಗಿರಲಿಲ್ಲ. ಮಿದುಳಿನ ಮುಂಭಾಗದಿಂದ ಏಳುವ ಒಂದು ಬಗೆಯ ಫಿಟ್ಸ್ ಇದೆ. ನಿದ್ದೆಯಲ್ಲೇ ಬರುತ್ತದೆ, ಒಂದು ನಿಮಿಷದೊಳಗೆ ಮುಗಿಯುತ್ತದೆ, ಒಂದೇ ರಾತ್ರಿ ಮೂರು ನಾಲ್ಕು ಸಲವೂ ಬರಬಹುದು. ಮನುಷ್ಯ ಕಿರುಚುತ್ತಾನೆ, ಸೈಕಲ್ ತುಳಿದಂತೆ ಕಾಲು ಆಡಿಸುತ್ತಾನೆ, ಕೆಲವರಿಗೆ ಅಷ್ಟೂ ಹೊತ್ತು ಎಚ್ಚರವೂ ಇರುತ್ತದೆ. ನೋಡಿದವರಿಗೆ ಇದು ಫಿಟ್ಸಿನಂತೆ ಕಾಣುವುದೇ ಇಲ್ಲ, ಮೈಮೇಲೆ ಬಂದಂತೆ ಕಾಣುತ್ತದೆ. ಇಲ್ಲಿ ಹಿಡಿಯಬೇಕಾದ ಸುಳಿವು ಒಂದೇ: ಪ್ರತಿ ಸಲವೂ ಅಚ್ಚು ಹೊಡೆದಂತೆ ಅದೇ ಕೂಗು, ಅದೇ ಕಾಲು, ಅದೇ ಕ್ರಮ. ದೆವ್ವಗಳಿಗೆ ಇಷ್ಟು ಶಿಸ್ತಿಲ್ಲ. ಇನ್ನು ಒಂಟಿಯಾಗಿ ಮಲಗುವವರಿಗೆ ನೋಡಿ ಹೇಳುವವರೇ ಇರುವುದಿಲ್ಲ. ಅವರ ಪರವಾಗಿ ಹೇಳಬೇಕಾದದ್ದು ಕಚ್ಚಿದ ನಾಲಿಗೆ, ಒದ್ದೆ ಹಾಸಿಗೆ, ಕಾರಣವಿಲ್ಲದ ಮೈಕೈ ನೋವು. ನಿದ್ದೆಗೆಟ್ಟರೆ ಫಿಟ್ಸೂ ಹೆಚ್ಚು ಎನ್ನುವುದು ಇನ್ನೊಂದು ತೊಡಕು. ಆನೆ ಕಾಯುವವನಿಗೆ ಎರಡೂ ಕಡೆಯಿಂದ ಕಷ್ಟ.

ನಮ್ಮವರಿಗೆ ಇಷ್ಟು ವ್ಯತ್ಯಾಸ ಕಾಣುವುದಿಲ್ಲವೇ? ಕಾಣುತ್ತದೆ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದರೆ ಕಾಣುವುದಿಲ್ಲ. “ಗಾಳಿ ಸೋಕಿತ್ತು, ಯಂತ್ರ ಕಟ್ಟಿಸಿದ್ವಿ, ಈಗೇನಿಲ್ಲ” ಅಂದರೆ ಗಂಡು ಸಿಗುತ್ತದೆ. “ಫಿಟ್ಸ್, ಮಾತ್ರೆ ತಗೋತಾಳೆ” ಅಂದರೆ ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹಾಗಾಗಿ ಫಿಟ್ಸಿಗೂ ದೆವ್ವದ ವೇಷ. ಹಿಂದೆ ಕಾನೂನೂ ಇವರ ಜೊತೆಗೇ ಇತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿಯಾಗಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತನ್ನು ಕಿತ್ತುಹಾಕಿದರು. ಕಾನೂನು ಬದಲಾಗಿ ಕಾಲು ಶತಮಾನ ದಾಟಿತು, ಮದುವೆ ದಲ್ಲಾಳಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮುಚ್ಚಿಟ್ಟು ಮದುವೆ ಮಾಡಿದ ಮೇಲೆ ಹುಡುಗಿ ಅತ್ತೆ ಮನೆಯಲ್ಲಿ ಮಾತ್ರೆ ನುಂಗಲು ಹೆದರಿ ಬಿಟ್ಟುಬಿಡುತ್ತಾಳೆ. ತಟ್ಟನೆ ಮಾತ್ರೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು. ಇದಕ್ಕಿಂತ ಕ್ರೂರವಾದ ದೆವ್ವ ನನಗೆ ಗೊತ್ತಿಲ್ಲ.

ಫಿಟ್ಸೇನು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರಿನಲ್ಲೂ ಸುತ್ತಿನ ಹಳ್ಳಿಗಳಲ್ಲೂ ಮನೆಮನೆ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವಿರಕ್ಕೆ ಸುಮಾರು 9 ಜನ. ಹಳ್ಳಿಗಳಲ್ಲಿ 12ರ ಹತ್ತಿರ, ನಗರದಲ್ಲಿ ಅದರ ಅರ್ಧ. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಮರಿ ಮಿದುಳು ಸೇರುವುದು ನಮ್ಮ ದೇಶದಲ್ಲಿ ಒಂದು ದೊಡ್ಡ ಕಾರಣ. ಅದು ಹಂದಿಮಾಂಸ ತಿನ್ನುವವರಿಗೆ ಮಾತ್ರ ಎಂದು ಲಿಂಗ ಕಟ್ಟಿದವರು ನಿಶ್ಚಿಂತೆಯಿಂದ ಇರಬೇಡಿ. ಸರಿಯಾಗಿ ತೊಳೆಯದ ಕೊತ್ತಂಬರಿ ಸೊಪ್ಪಿನಲ್ಲೂ ಆ ಮೊಟ್ಟೆ ಬಂದೀತು. ಹಂಡೆಯ ಸುಡುನೀರನ್ನು ತಲೆ ಮೇಲೆ ಚೊಂಬುಚೊಂಬಾಗಿ ಸುರಿದುಕೊಂಡಾಗ ಬರುವ ಫಿಟ್ಸ್ ಒಂದಿದೆ, ಅದಂತೂ ಹಳೇ ಮೈಸೂರು ಸೀಮೆಯ ಸ್ವಂತ ಆಸ್ತಿ ಎನ್ನುವಷ್ಟು ಇಲ್ಲಿ ಹೆಚ್ಚು. ಅದಕ್ಕೂ ಬಚ್ಚಲ ಮೂಲೆಯಲ್ಲಿ ಒಂದು ದೆವ್ವ ಕಾದಿರುತ್ತದೆ.

ಮದ್ದು ದುಬಾರಿ ಅನ್ನುವ ನೆವವೂ ನಡೆಯುವುದಿಲ್ಲ. ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟೋಯಿನ್ ಎಂಬ ಎರಡು ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು, ಕಾಯಿಲೆಯನ್ನು ಹಳ್ಳಿಯಲ್ಲೇ ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಾಗಿ ಮುಂದಿನ ಸಲ ಮನೆಯಲ್ಲಿ ಯಾರಾದರೂ ರಾತ್ರಿ ಸೆಟೆದುಕೊಂಡರೆ ಕೀಲಿ ಹುಡುಕುತ್ತ ಓಡಬೇಡಿ. ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಇಲ್ಲವೇ ಒಂದರ ಹಿಂದೆ ಒಂದು ಬಂದರೆ 108ಕ್ಕೆ ಫೋನ್ ಮಾಡಿ. ಗಡಿಯ ಆಚೆಗೂ ಈಚೆಗೂ ಅದೇ ನಂಬರು. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಹೇಳಿ, ನಾಚಿಕೆ ಬೇಡ. ಅರ್ಧ ನಿಮಿಷದ ವಿಡಿಯೋ ಡಾಕ್ಟರಿಗೆ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ. ಎದೆ ಮೇಲೆ ಕೂತ ದೆವ್ವದವರಿಗೆ ಇಷ್ಟೆಲ್ಲ ಬೇಡ. ಅದು ಮೇಲಿಂದ ಮೇಲೆ ಬರುತ್ತಿದ್ದರೆ, ಹಗಲಲ್ಲೂ ತಡೆಯಲಾರದ ನಿದ್ದೆ ಇದ್ದರೆ, ಇಲ್ಲವೇ ನಕ್ಕಾಗ ಮಂಡಿ ಕುಸಿದಂತಾದರೆ ತೋರಿಸಿಕೊಳ್ಳಿ. ಆನೇಕಲ್ ಮೇಲೆ ಹೋದರೂ ಹೊಸೂರು ಮೇಲೆ ಹೋದರೂ ನಿಮ್ಹಾನ್ಸ್ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇದೆ. ಹೋಗುವಾಗ ರೋಗಿಯ ಜೊತೆಗೆ ಆಸ್ಪತ್ರೆ ಇಂಗ್ಲಿಷ್ ಬಲ್ಲ ಸೋದರಮಾವನನ್ನು ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಮಾವ ಬಂದರೂ ಬರಲಿ, ಆದರೆ ರಾತ್ರಿ ಪಕ್ಕದಲ್ಲಿ ಮಲಗಿದ್ದು ಕಣ್ಣಾರೆ ನೋಡಿದವರನ್ನು ಮಾತ್ರ ಬಿಟ್ಟು ಹೋಗಬೇಡಿ.