ತುಟಿ ಆಡಿಸುವವರು

ನನಗೆ ಸಂಗೀತವೆಂದರೆ ಪ್ರಾಣ. ಸಂಗೀತಕ್ಕೆ ಮಾತ್ರ ನಾನೆಂದರೆ ಅಷ್ಟಕ್ಕಷ್ಟೆ. ನಾನು ಬಾಯಿ ತೆರೆದೆನೆಂದರೆ 'ಸ' ಒಂದು ಕಡೆ, 'ಪ' ಒಂದು ಕಡೆ, ಸಂತೆ ಮುಗಿದ ಮೇಲಿನ ಜನರಂತೆ ದಿಕ್ಕಾಪಾಲಾಗಿ ಹೊರಟುಹೋಗುತ್ತವೆ. ಹಾಗೆಂದು ನನಗೆ ಕಿವಿಯಿಲ್ಲವೆಂದು ತಿಳಿಯಬೇಡಿ. ಕಿವಿ ಚೆನ್ನಾಗಿಯೇ ಇದೆ, ಕಷ್ಟವಿರುವುದೇ ಅಲ್ಲಿ. ರುಚಿ ತಿಳಿಯದ ಹೆಂಗಸು ತಾನು ಮಾಡಿದ ಸಾರನ್ನು ತಾನೇ ಹೊಗಳಿಕೊಂಡು ಉಂಡಾಳು. ನನಗೋ, ನನ್ನ ಸಾರಿಗೆ ಉಪ್ಪು ಎಷ್ಟು ಹೆಚ್ಚಾಗಿದೆಯೆಂಬುದು ನಾಲಗೆಗೆ ತಾಗುವ ಮೊದಲೇ ಗೊತ್ತಾಗಿಬಿಡುತ್ತದೆ.

ಈ ಕಿವಿಯನ್ನು ಕೊಟ್ಟದ್ದು ನಮ್ಮಪ್ಪನ ಟ್ರಾನ್ಸಿಸ್ಟರು. ಧಾರವಾಡ ಆಕಾಶವಾಣಿ ನಮ್ಮ ಕಡೆಗೆ ಬರುವಷ್ಟರಲ್ಲಿ ಸುಸ್ತಾಗಿ ಗರಗರ ಎನ್ನುತ್ತಿತ್ತು. ಅಪ್ಪ ಅದನ್ನು ಕಿಟಕಿಯಲ್ಲಿಟ್ಟು, ಹಠ ಮಾಡುವ ಕೂಸಿನ ಮುಖ ತಿರುಗಿಸುವಂತೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಆ ಗರಗರದೊಳಗಿಂದ ಮಲ್ಲಿಕಾರ್ಜುನ ಮನಸೂರರ ವಚನ, ಬಸವರಾಜ ರಾಜಗುರುಗಳ ನಾಟ್ಯಗೀತೆ, ಭೀಮಸೇನ ಜೋಶಿಯವರ ದಾಸರ ಪದ ಎದ್ದು ಬರುತ್ತಿದ್ದವು. ನಮ್ಮ ರಾಯಚೂರು ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ದನಿ ಬಂದರಂತೂ ಅಪ್ಪನ ಕೈಯಲ್ಲಿದ್ದ ಚಹಾ ಹಾಗೆಯೇ ಆರಿಹೋಗುತ್ತಿತ್ತು. ಈಗ ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ತರಬೇತಿಗೆಂದು ಹೋದಾಗ ಅದರ ಮುಂದೆ ಹಾಯುವಾಗಲೆಲ್ಲ ನನಗೆ ಕಾಣುವುದು ಅಪ್ಪನ ಆ ಆರಿದ ಚಹಾ.

ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದಂತಾಗಿ, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಅದೇ ಹನ್ನೊಂದರ ವಯಸ್ಸಿನಲ್ಲಿ ನನ್ನ ಸಂಗೀತವೂ ನಿರ್ಧಾರವಾಯಿತು. ಸ್ವಾತಂತ್ರ್ಯ ದಿನಕ್ಕೆ ಹುಡುಗಿಯರ ಸಮೂಹಗೀತೆ. ಹೇಳಿಕೊಡುತ್ತಿದ್ದವರು ಪೇಟಿ ನಿಲ್ಲಿಸಿ, ಸಾಲಿನ ಮುಂದೆ ಕಿವಿ ಹಿಡಿದುಕೊಂಡು ನಡೆಯುತ್ತ ಬಂದು ನನ್ನೆದುರು ನಿಂತರು. "ನೀ ಬರೇ ತುಟಿ ಆಡಸು" ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಸಾಲಿನಿಂದ ಹೊರಗೂ ಹಾಕಲಿಲ್ಲ. ಅವತ್ತಿನಿಂದ ನಾನು ತುಟಿ ಆಡಿಸುತ್ತ ಬಂದೆ. ಮದುವೆಯಲ್ಲಿ ಆರತಿ ಹಾಡು ಬಂದಾಗ, ಘನಮಠದ ಭಜನೆಯಲ್ಲಿ ಎಲ್ಲರೂ ದನಿಗೂಡಿಸುವಾಗ, ಎಲ್ಲಿಯೂ ನನ್ನದು ತುಟಿ ಮಾತ್ರ. ನಮ್ಮ ಸಂತೆಕಲ್ಲೂರಿನ ಘನಮಠ ಶಿವಯೋಗಿಗಳು 'ಕೃಷಿ ಜ್ಞಾನ ಪ್ರದೀಪಿಕೆ' ಬರೆದು ಒಕ್ಕಲುತನ ಬಾರದವರಿಗೂ ದಾರಿ ತೋರಿಸಿದವರು. ಹಾಡು ಬಾರದವರಿಗೂ ಒಂದು ಪುಸ್ತಕ ಬರೆದಿದ್ದರೆ ಎಂದು ಕಂಬಕ್ಕೊರಗಿ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನ ಮಗನಿಗೆ ಜೋಗುಳ ಹಾಡಿದ್ದು ಟೇಪ್‌ರೆಕಾರ್ಡರು. ಕರೆಂಟು ಹೋದರೆ ಅವನೂ ಎದ್ದ, ಮನೆಯವರೂ ಎದ್ದರು. ಒಂದು ರಾತ್ರಿ ಧೈರ್ಯ ಮಾಡಿ ನಾನೇ ಗುನುಗಿದೆ. ತಾಳಮಾನ ತಿಳಿಯದು, ಮನಸ್ಸು ಬಂದಂತೆ ಹಾಡುವೆನೆಂದು ಬಸವಣ್ಣನವರೇ ಹೇಳಿಲ್ಲವೆ ಎಂದು ಆಮೇಲೆ ವಾದ ಹೂಡಿದೆ. "ಕೂಡಲಸಂಗಮದೇವ ಒಪ್ಪಿಕೊಂಡಾನು, ಬಾಜೂ ಮನಿಯವರು ಒಪ್ಪಬೇಕಲ್ಲ" ಎಂದರು ನಮ್ಮ ಯಜಮಾನರು. ಗಂಗೂಬಾಯಿ ಹಾನಗಲ್ಲರನ್ನು ಎಳೆದು ತಂದೆ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ಹೆಣ್ಣುದನಿ ಗಂಡುದನಿಯಂತಾಯಿತು. ಆ ದನಿಯಲ್ಲೇ ಅವರು ಲೋಕವನ್ನು ಗೆಲ್ಲಲಿಲ್ಲವೆ? "ಅವರಿಗೆ ದನಿ ಬದಲಾತು, ಸುರ ಬದಲಾಗಲಿಲ್ಲ" ಎಂದು ಮಗ್ಗುಲಾಗಿ ಮಲಗಿಬಿಟ್ಟರು. ಸತ್ಯ ಹೇಳುವವರೊಂದಿಗೆ ಸಂಸಾರ ಕಷ್ಟ.

ಇದುವರೆಗಿನದು ನಗುವ ಮಾತು. ಇನ್ನೊಂದಿದೆ, ಅದನ್ನು ಯಾರ ಮುಂದೆಯೂ ಹೇಳಿಲ್ಲ.

2006ರ ರಾಜ್ಯೋತ್ಸವ. ಕುವೆಂಪು ಅವರ ಗೀತೆ ನಾಡಗೀತೆಯಾಗಿ ಎರಡು ವರ್ಷವಾಗಿತ್ತು. ಹೊರಗಿನ ಅಧಿಕಾರಿಗಳು ಬರುವವರಿದ್ದರು. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಎಲ್ಲಿಂದ ಬರಬೇಕು? ಹೆಣ್ಣು ಟೀಚರ್ ಎಂದಮೇಲೆ ಹಾಡು ನನ್ನ ಪಾಲಿಗೆ ಬಂತು. ಕ್ಯಾಸೆಟ್ ಹಾಕಿ ಹನ್ನೆರಡು ಹುಡುಗಿಯರಿಗೆ ಹೇಳಿಸಿದೆ. ಹನ್ನೊಂದು ದನಿ ಒಂದು ದಾರಿ ಹಿಡಿದರೆ ಒಂದು ದನಿ ಕೆಳಗೆ, ತೀರ ಕೆಳಗೆ, ಗಾಡಿಯ ಅಚ್ಚು ಹೊರಳಿದಂತೆ. ಏಳನೆಯ ತರಗತಿಯ ಹುಡುಗಿ. ಎಲ್ಲರಿಗಿಂತ ಹೆಚ್ಚು ಸಂತೋಷದಿಂದ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ನನ್ನ ಕಿವಿ ತಡೆಯಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ, ಬಹಳ ಪ್ರೀತಿಯಿಂದಲೇ, "ನೀ ಬರೇ ತುಟಿ ಆಡಸವ್ವ" ಎಂದೆ.

ಕಾರ್ಯಕ್ರಮ ಚೆನ್ನಾಯಿತು. ಅಧಿಕಾರಿಗಳು ಹೊಗಳಿದರು. ಎಂಟು ದಿನ ಕಳೆದ ಮೇಲೆ ತರಗತಿಯಲ್ಲಿ ಎಲ್ಲರೂ ಕೂಡಿ ಮಗ್ಗಿ ಹೇಳುತ್ತಿದ್ದರು. ನೋಡುತ್ತೇನೆ, ಆ ಹುಡುಗಿ ಹದಿಮೂರರ ಮಗ್ಗಿಗೂ ಬರೀ ತುಟಿ ಆಡಿಸುತ್ತಿದ್ದಾಳೆ.

"ಯಾಕ, ಜೋರಾಗಿ ಹೇಳು" ಎಂದೆ. ತಲೆ ಅಲ್ಲಾಡಿಸಿದಳು. ಆ ವರ್ಷವಿಡೀ ಅವಳ ದನಿ ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು. ಆದರೂ ಕರೆದು ಕೂಡಿಸಿಕೊಂಡು ಮಾತಾಡಲಿಲ್ಲ. ಟೀಚರಾದವಳು ಹುಡುಗಿಯ ಮುಂದೆ ಸೋಲಬಾರದೆಂಬ ಬಿಗುಮಾನವಿದ್ದಿರಬೇಕು.

ಒಂದೂವರೆ ವರ್ಷದ ಮೇಲೆ ಬಂಧುಗಳ ಮದುವೆಗೆಂದು ಗದಗಿಗೆ ಹೋದವಳು ವೀರೇಶ್ವರ ಪುಣ್ಯಾಶ್ರಮಕ್ಕೂ ಹೋದೆ. ಪುಟ್ಟರಾಜ ಗವಾಯಿಗಳು ಆಗ ಇದ್ದರು. ಅವರು 2010ರಲ್ಲಿ ತೀರಿಕೊಂಡರು. ತಾವೂ ಅಂಧರಾಗಿ, ಅಂಧ ಗುರು ಪಂಚಾಕ್ಷರಿ ಗವಾಯಿಗಳಿಂದ ಕಲಿತು, ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟವರು. ಒಂದು ಮೂಲೆಯಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಸ್ವರ ಹೇಳುತ್ತಿದ್ದ. ತಪ್ಪುತ್ತಿತ್ತು, ನನಗೇ ತಿಳಿಯುವಷ್ಟು ತಪ್ಪುತ್ತಿತ್ತು. ಹೇಳಿಕೊಡುತ್ತಿದ್ದ ಹಿರಿಯ ವಿದ್ಯಾರ್ಥಿ ಏನೂ ಅನ್ನದೆ ಅದೇ ಸ್ವರವನ್ನು ಮತ್ತೆ ಹಾಡಿ ತೋರಿಸುತ್ತಿದ್ದ. ಏಳೆಂಟು ಸಲವಾಗಿರಬೇಕು. ಹುಡುಗನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ಸರಿಯಾಯಿತೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಮದುವೆಯ ಊಟ ಗಂಟಲಿಗಿಳಿಯಲಿಲ್ಲ. ಊರಿಗೆ ಬಂದು ವಿಚಾರಿಸಿದರೆ ಹುಡುಗಿ ಏಳನೆಯ ತರಗತಿ ಮುಗಿಸಿದವಳು ಮುಂದೆ ಓದದೆ ಕೂಲಿಗೆ ಹೋಗುತ್ತಿದ್ದಳು. ಸಿಂಧನೂರಿನ ಕಡೆ ಭತ್ತದ ನಾಟಿಗೆ ಹೋಗಿದ್ದಾಳೆ ಎಂದರು. ನಾಟಿ ಮಾಡುವ ಹೆಂಗಸರು ಹಾಡುತ್ತಾರಲ್ಲ, ಇವಳು ಅಲ್ಲಿ ಏನು ಮಾಡುತ್ತಾಳೋ ಎಂದು ಯೋಚಿಸಿದೆ.

ನಡುವೆ ನನಗೆ ಎರಡು ಕಡೆ ವರ್ಗವಾಗಿ ಮತ್ತೆ ಊರಿಗೆ ಬಂದೆ. ಅವಳು ಸೋದರಮಾವನ ಮನೆಗೇ ಕೊಟ್ಟವಳಾದ್ದರಿಂದ ಇದೇ ಊರಲ್ಲಿದ್ದಾಳೆ. ಅವಳ ಮಗಳು ಈಗ ನಮ್ಮಲ್ಲಿ ಮೂರನೆಯ ತರಗತಿ. ದನಿ ತಾಯಿಯದೇ: ಕೆಳಗೆ, ಅಗಲವಾಗಿ. ಹಾಡುವ ಹುಚ್ಚೂ ತಾಯಿಯದೇ.

2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಆದೇಶ ಬಂದಿದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು. ಆ ಹುಡುಗಿಯನ್ನು ನಾನು ಮೊದಲ ಸಾಲಿಗೆ ನಿಲ್ಲಿಸಿದ್ದೇನೆ. ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ದನಿ ತೆಗೆದೇ ಹಾಡುತ್ತೇನೆ. ಅವಳು ಎಳೆಯುವುದು ಒಂದು ಕಡೆ, ನಾನು ಎಳೆಯುವುದು ಇನ್ನೊಂದು ಕಡೆ; ಹಾಡು ಮೂರು ನಿಮಿಷದ ಮೇಲೆಯೇ ಹೋಗುತ್ತದೆ. ಹೆಡ್ಮಾಸ್ತರರು ಗಡಿಯಾರ ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಸುಮ್ಮನಾಗುತ್ತಾರೆ.

ಕೂಲಿಗೆ ಹೊರಟ ಅವಳ ತಾಯಿ ಬುತ್ತಿ ಕಟ್ಟಿಕೊಂಡು ಬಂದು, ಹಾಡು ಮುಗಿಯುವವರೆಗೆ ಗೇಟಿನ ಹೊರಗೆ ನಿಂತಿರುತ್ತಾಳೆ. ತುಟಿ ಆಡುವುದು ಕಾಣುತ್ತದೆ. ದನಿ ಇದೆಯೋ ಇಲ್ಲವೋ, ನಾನು ನಿಂತಲ್ಲಿಗೆ ಕೇಳಿಸುವುದಿಲ್ಲ.