ಬಾಣ ಒತ್ತಿದರೆ 'ಎ' ಬಂತು

2009ರ ಒಂದು ಶನಿವಾರ ಸಂಜೆ ಬೆಂಗಳೂರಿನಿಂದ ತಿಪಟೂರಿಗೆ ಬಂದಿಳಿದ ಹುಡುಗಿ ಚೀಲವನ್ನು ಮೂಲೆಗಿಟ್ಟು, "ಕಂಪ್ಯೂಟರ್ ನನ್ನ ಹಣೇಲಿ ಬರೆದಿಲ್ಲ ಅಪ್ಪಾ" ಎಂದಳು. ಇಂಜಿನಿಯರಿಂಗ್ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಕೈಗೆ ಬಂದ ಹಣದಲ್ಲಿ ದೊಡ್ಡ ಪಾಲು ಅವಳ ಫೀಸಿಗೇ ಹೋಗಿತ್ತು.

ಆದದ್ದಿಷ್ಟು. ಪ್ರಯೋಗಾಲಯದ ಲಿನಕ್ಸ್ ಯಂತ್ರದಲ್ಲಿ 'ವಿಐ' ಎಂಬ ಎಡಿಟರಿನೊಳಗೆ ಪ್ರೋಗ್ರಾಂ ಬರೆಯುತ್ತಿದ್ದಳು. ಮೇಲಿನ ಸಾಲಿಗೆ ಹೋಗಲೆಂದು ಬಾಣದ ಕೀಲಿ ಒತ್ತಿದರೆ ಹೊಸ ಸಾಲೊಂದು ಹುಟ್ಟಿ ಅದರಲ್ಲಿ 'ಎ' ಕೂತಿತು. ಕೆಳಬಾಣಕ್ಕೆ 'ಬಿ'. ಗಾಬರಿಯಲ್ಲಿ ಇನ್ನಷ್ಟು ಒತ್ತಿದಳು, ಪರದೆಯ ತುಂಬ ಎ, ಬಿ, ಸಿ, ಡಿ. "ಕೀಲಿ ಒತ್ತಲೂ ಬರುವುದಿಲ್ಲವೇ?" ಎಂದು ಎಲ್ಲರೆದುರು ಕೇಳಿದರಂತೆ. ಕೇಳಿದವರಿಗೂ ಕಾರಣ ಗೊತ್ತಿತ್ತೋ ಇಲ್ಲವೋ!

ಅಪ್ಪನಿಗೆ ಇದು ನಂಬಲಾಗದ ಸಂಗತಿ. ಟೈಪ್‌ರೈಟರಿನಲ್ಲಿ ಕೀಲಿಗೂ ಅಚ್ಚಿಗೂ ನಡುವೆ ಸನ್ನೆಗಳಿವೆ. ಒತ್ತಿದ ಅಕ್ಷರವೇ ಬೀಳಬೇಕು. ಟರ್ಮಿನಲ್ಲಿನ ಕಥೆ ಬೇರೆ. ಅಲ್ಲಿ ತಂತಿಯಲ್ಲಿ ಹರಿಯುವುದು ಸಂಖ್ಯೆ. ದೊಡ್ಡ 'ಎ'ಗೆ 65. ಬಾಣಗಳಿಗೆ ಆಸ್ಕಿ ಪಟ್ಟಿಯಲ್ಲಿ ಜಾಗವೇ ಇಲ್ಲ. ಡಿಇಸಿ ಕಂಪನಿ 1978ರಲ್ಲಿ ತಂದ ವಿಟಿ100 ಟರ್ಮಿನಲ್ ಮೇಲ್ಬಾಣಕ್ಕೆ ಮೂರು ಸಂಖ್ಯೆಗಳನ್ನು ಒಟ್ಟಿಗೆ ಕಳಿಸುತ್ತಿತ್ತು. ಇಂದಿನ ಟರ್ಮಿನಲ್ ಕಿಟಕಿಗಳೂ ಅದೇ ಜಾಡಿನಲ್ಲಿವೆ.

ಸೀನಿಯರ್ ಒಬ್ಬಳು ತೋರಿಸಿದಂತೆ ಕಂಟ್ರೋಲ್-ವಿ ಒತ್ತಿ, ನಂತರ ಬಾಣ ಒತ್ತಿ, ಕಂಡದ್ದನ್ನು ಹುಡುಗಿ ಬರೆದುಕೊಂಡು ಬಂದಿದ್ದಳು. ಪಟ್ಟಿಯ ಜೊತೆ ಹೋಲಿಸಿದರೆ 27, 79, 65.

"27 ಅಂದ್ರೆ ಯಾವ ಕೀ ಪುಟ್ಟಿ?"

"ಎಸ್ಕೇಪ್ ಅಪ್ಪಾ. ಬರೆಯೋದು ನಿಲ್ಲಿಸಿ ಆಜ್ಞೆ ಕೇಳು ಅಂತ."

"79?"

"ದೊಡ್ಡ ಓ. ಅದು... ಮೇಲೆ ಹೊಸ ಸಾಲು ತೆಗೆದು ಬರೆಯೋಕೆ ಶುರುಮಾಡು ಅನ್ನೋ ಆಜ್ಞೆ." ಹುಡುಗಿ ತಟ್ಟನೆ ಎದ್ದು ಕೂತಳು. "65 ಅಂದ್ರೆ ಎ! ಅದು ನಾನು ಹೇಳಿದ್ದನ್ನೇ ಮಾಡಿದೆ ಅಪ್ಪಾ!"

ವಿಐ ಬರೆದವನು ಬಿಲ್ ಜಾಯ್, 1976ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅವನ ಮುಂದಿದ್ದ ಎಡಿಎಂ-3ಎ ಟರ್ಮಿನಲ್ಲಿಗೆ ಪ್ರತ್ಯೇಕ ಬಾಣದ ಕೀಲಿಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣಗಳನ್ನು ಅಚ್ಚುಹಾಕಿದ್ದರು. ಇಂದಿಗೂ ವಿಐನಲ್ಲಿ ಆ ನಾಲ್ಕರಿಂದಲೇ ಓಡಾಡಬಹುದು. ಇದನ್ನು ಕೇಳಿ ಅಪ್ಪನ ಬಲಗೈ ಮೇಜಿನ ಮೇಲೆ ತಾನಾಗಿ ಟೈಪಿಂಗ್ ಭಂಗಿಗೆ ಬಂತು. ಬೆರಳು ಕೂರುವ ಸಾಲೇ ಅದು!

ಲಿನಕ್ಸಿನಲ್ಲಿ ವಿಐ ಎಂದು ಸಿಗುವುದು ಸಾಮಾನ್ಯವಾಗಿ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ 'ವಿಮ್'. ಹಳೆಯದರಂತೆಯೇ ನಡೆದುಕೋ ಎಂಬ ಸ್ಥಿತಿಯಲ್ಲಿ ಅದನ್ನು ಬಿಟ್ಟಿದ್ದರೆ ಈ ಎಡವಟ್ಟು. ಅವಳ ಸೆಟ್ಟಿಂಗ್ ಕಡತದಲ್ಲಿ 'ಸೆಟ್ ನೋಕಂಪ್ಯಾಟಿಬಲ್' ಎಂಬ ಒಂದು ಸಾಲು ಸಾಕಿತ್ತು. ಆಮೇಲೆ ಎಡಿಟರ್ 27 ಬಂದೊಡನೆ ಕ್ಷಣಕಾಲ ಕಾಯುತ್ತದೆ. ಉಳಿದವು ಬೆನ್ನಿಗೇ ಬಂದರೆ ಬಾಣ, ಬಾರದಿದ್ದರೆ ಎಸ್ಕೇಪ್. ಕಾಯುವ ಅವಧಿಯನ್ನು ನಾವೇ ನಿಗದಿ ಮಾಡಬಹುದು, ಸೆಕೆಂಡಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. "ಅಷ್ಟರಲ್ಲಿ ಮೂರು ಕೀ ಹೊಡೆಯೋ ಟೈಪಿಸ್ಟ್‌ನ ನಾನು ಕಂಡಿಲ್ಲ" ಎಂದರು ಅಪ್ಪ.

ಅಳಿಸುವ ಕೀಲಿಯದು ಇನ್ನೊಂದು ತಕರಾರು. ಕೆಲವು ಟರ್ಮಿನಲ್ಲುಗಳು ಅದಕ್ಕೆ 8 ಕಳಿಸುತ್ತವೆ, ಕೆಲವು 127. ಪುಸ್ತಕ ನೋಡಿದ ಅಪ್ಪ ನಕ್ಕರು. 8 ಎಂದರೆ ಬರಿದೇ ಒಂದು ಮನೆ ಹಿಂದೆ ಸರಿಯುವುದು, ಥೇಟು ಟೈಪ್‌ರೈಟರಿನ ಬ್ಯಾಕ್‌ಸ್ಪೇಸ್! 127 ಬಂದದ್ದು ಕಾಗದದ ಪಟ್ಟಿಗೆ ತೂತು ಹೊಡೆಯುತ್ತಿದ್ದ ಕಾಲದಿಂದ. ತಪ್ಪಿದ ಅಕ್ಷರದ ಮೇಲೆ ಏಳೂ ತೂತು ಹೊಡೆದರೆ ಅದು ಅಳಿಸಿದ ಲೆಕ್ಕ. ತಪ್ಪಿದ ಪದದ ಮೇಲೆ ಸಾಲಾಗಿ 'ಎಕ್ಸ್' ಹೊಡೆದು ಮುಚ್ಚುತ್ತಿದ್ದವರು ಅಪ್ಪ.

ಭಾನುವಾರ ಸಂಜೆ ಬಸ್ಸಿಗೆ ಹೊರಟವಳ ಕೈಗೆ ಚಕ್ಕುಲಿ ಡಬ್ಬಿಯ ಜೊತೆ ಮಡಿಸಿದ ಹಾಳೆಯೊಂದು ಬಂತು. ಹಳೆಯ ಯಂತ್ರದ ಧೂಳು ಕೊಡವಿ ಅಪ್ಪ ಟೈಪು ಮಾಡಿದ್ದರು: ನಾಲ್ಕು ಬಾಣಗಳು, ಒಂದೊಂದಕ್ಕೂ ಮೂರು ಸಂಖ್ಯೆ.